ಹೆವಿ ಮೆಟಲ್ ಟೀಚರಮ್ಮ

ಹೋದ ತಿಂಗಳು ಮಕ್ತಲ್‌ನ ನಮ್ಮ ಶಾಲೆಯಲ್ಲಿ ಸಮಾಜ ಪಾಠದ ಟೀಚರಮ್ಮನವರಿಗೆ ಬೀಳ್ಕೊಡುಗೆ ಇತ್ತು. ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ಶಾಂತ ಸ್ವಭಾವ, ಮೃದು ಮಾತು, ಮಕ್ಕಳ ಮೇಲೆ ಒಂದು ದಿನವೂ ಧ್ವನಿ ಏರಿಸಿದವರಲ್ಲ. ಹೊಸದಾಗಿ ಬಂದ ಗಣಿತದ ಮಾಸ್ತರರಂತೂ, ಮೇಡಂ ಮನೆಯಲ್ಲಿ ದಿನಾ ಧ್ಯಾನ ಮಾಡುತ್ತಿರಬೇಕು, ಅದಕ್ಕೇ ಮುಖದ ಮೇಲೆ ಆ ಕಳೆ ಎಂದರು. ವೇದಿಕೆಯ ಮೇಲೆ ಕೂತಿದ್ದ ಅವರು ಹೊದಿಸಿದ ಶಾಲನ್ನು ಸರಿಮಾಡಿಕೊಳ್ಳುತ್ತ ನನ್ನ ಕಡೆ ನೋಡಿದರು. ನಾನು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಹಳಬರೆಲ್ಲ ವರ್ಗವಾಗಿಯೋ ನಿವೃತ್ತರಾಗಿಯೋ ಹೋಗಿದ್ದರಿಂದ, ಆ ಧ್ಯಾನ ಎಂಥದೆಂದು ಗೊತ್ತಿದ್ದವಳು ಆ ಸಭೆಯಲ್ಲಿ ನಾನೊಬ್ಬಳೇ.

ಅವರು ಹೆವಿ ಮೆಟಲ್ ಕೇಳುತ್ತಿದ್ದರು.

ಕೇಳಿಲ್ಲದವರಿಗೆ ಅದನ್ನು ಹೇಗೆ ಹೇಳಬೇಕೋ ತಿಳಿಯದು. ಗಿಟಾರುಗಳು ಗರಗಸದ ಹಾಗೆ ಕೊರೆಯುತ್ತವೆ, ಡ್ರಮ್ಮು ಎದೆಗೆ ಗುದ್ದುತ್ತದೆ, ಹಾಡುವವನು ಹಾಡುತ್ತಾನೋ ಜಗಳಕ್ಕೆ ಬಂದಿದ್ದಾನೋ ಗೊತ್ತಾಗುವುದಿಲ್ಲ. ಅಂಥದ್ದನ್ನು ಈ ಹೆಂಗಸು, ಗಂಜಿ ಹಾಕಿ ಇಸ್ತ್ರಿ ಮಾಡಿದ ನಾರಾಯಣಪೇಟೆಯ ಕಾಟನ್ ಸೀರೆ ಉಟ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿ, ಬಸ್ಸಿನ ಕಿಟಕಿ ಪಕ್ಕ ಕೂತು, ಕಣ್ಣು ಅರೆಮುಚ್ಚಿ ಕೇಳುತ್ತಿದ್ದರು. ತಲೆ ಅಲ್ಲಾಡುತ್ತಿರಲಿಲ್ಲ. ಚಪ್ಪಲಿಯೊಳಗೆ ಬಲಗಾಲಿನ ಹೆಬ್ಬೆರಳು ಮಾತ್ರ ಏಳುತ್ತ ಬೀಳುತ್ತ ಇರುತ್ತಿತ್ತು.

ನಾನು ಕನ್ನಡ ಟೀಚರಾಗಿ ಆ ಶಾಲೆಗೆ ಸೇರಿದಾಗ ಇಬ್ಬರೂ ನಾರಾಯಣಪೇಟೆಯಿಂದ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನನಗಿಂತ ಹಿರಿಯರು, ಅದಕ್ಕೆ ಅಕ್ಕ ಅನ್ನುತ್ತಿದ್ದೆ. ಅವರ ಕಿವಿಯಲ್ಲಿ ವೈರು ಕಂಡು ಒಂದು ದಿನ ಕೇಳಿದೆ.

"ಏನು ಕೇಳಾಕತ್ತೀರಿ ಅಕ್ಕಾ? ವಚನ ಏನ್ರಿ?"

ಅವರು ಒಂದು ವೈರು ತೆಗೆದು, ಸೆರಗಿನಿಂದ ಒರೆಸಿ ನನಗೆ ಕೊಟ್ಟರು. ಕಿವಿಗಿಟ್ಟುಕೊಂಡೆ. ಯಾರೋ ತಗಡಿನ ಶೆಡ್ಡೊಂದನ್ನು ನನ್ನ ತಲೆಯೊಳಗೆ ಕೆಡವಿದ ಹಾಗಾಯಿತು.

"ಮಷೀನು ಕೆಟ್ಟೈತಿ ಅನಸ್ತೈತ್ರಿ ಅಕ್ಕಾ."

"ಮಷೀನು ಚಲೋ ಐತಿ. ಹಾಡೇ ಹಂಗೈತಿ" ಅಂದರು.

ಅವರು ನಾರಾಯಣಪೇಟೆಯ ನೇಕಾರರ ಮನೆಯವರು. ಮನೆಮಾತು ಕನ್ನಡ, ಓದಿದ್ದು ಕನ್ನಡದಲ್ಲಿ, ಪೇಟೆಯಲ್ಲಿ ತೆಲುಗು. ಬಿ.ಎಡ್. ಮಾಡಲು ಹೈದರಾಬಾದಿಗೆ ಹೋದಾಗ ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲವಂತೆ. ಹಾಸ್ಟೆಲಿನಲ್ಲಿ ಮೆಸ್ಸಿನ ಮೇಜಿಗೆ ಇವರು ಬಂದು ಕೂತರೆ ಉಳಿದ ಹುಡುಗಿಯರು ಇಂಗ್ಲಿಷಿಗೆ ತಿರುಗುತ್ತಿದ್ದರು. ಕೋಣೆಯಲ್ಲಿ ಜೊತೆಗಿದ್ದವಳು ಈಶಾನ್ಯದ ಬೆಟ್ಟದ ನಾಡಿನವಳು. ಅವಳಿಗೂ ಆ ಮೇಜಿನಲ್ಲಿ ಜಾಗವಿರಲಿಲ್ಲ. ಅವಳ ಮುಖ ನೋಡಿ ಯಾವ ದೇಶದವಳು ಎಂದು ಕೇಳುತ್ತಿದ್ದರು. ಇಬ್ಬರೂ ತಟ್ಟೆಯನ್ನು ಕೋಣೆಗೆ ತಂದು ಉಣ್ಣುತ್ತಿದ್ದರು. ಒಂದು ದಿನ ಇವರು ಅಳುತ್ತ ಬಂದದ್ದನ್ನು ನೋಡಿ ಅವಳು ಸಮಾಧಾನದ ಮಾತು ಹೇಳಲಿಲ್ಲ. ಇಬ್ಬರಿಗೂ ಹೊಂದುವ ಭಾಷೆ ಇರಲಿಲ್ಲ. ವಾಕ್‌ಮನ್ ತೆಗೆದು ಇವರ ಕಿವಿಗೆ ಇಟ್ಟಳು. ಆ ಕ್ಯಾಸೆಟ್ಟಿಗೆ ಕವರೂ ಇರಲಿಲ್ಲ, ಮೇಲೆ ಹೆಸರೂ ಇರಲಿಲ್ಲ. ಯಾರು ಹಾಡಿದ್ದು, ಏನು ಹಾಡಿದ್ದು ಎಂದು ಎಷ್ಟೋ ವರ್ಷ ಇವರಿಗೆ ಗೊತ್ತಿರಲಿಲ್ಲ.

"ಮಾತು ಒಂದೂ ತಿಳೀಲಿಲ್ಲ" ಎಂದು ನನಗೆ ಹೇಳಿದರು. "ಆದ್ರ ಯಾರೋ ಒಬ್ಬರು ನನ್ನ ಕಡಿ ನಿಂತು ಜಗಳ ಮಾಡಾಕತ್ತಾರ ಅನಿಸ್ತು. ಅಷ್ಟು ದಿನದಾಗ ಯಾರೂ ಮಾಡಿರಲಿಲ್ಲ."

ಅವರ ಪಾಠಗಳಲ್ಲಿ ನನಗೆ ನೆನಪಿರುವುದು ಕೈಗಾರಿಕಾ ಕ್ರಾಂತಿಯ ಪಾಠ. ಪಕ್ಕದ ಕ್ಲಾಸಿನಲ್ಲಿ ವ್ಯಾಕರಣ ಹೇಳುತ್ತಿದ್ದ ನಾನು, ಗೋಡೆಯಾಚೆಯಿಂದ ಟೇಪ್ ರೆಕಾರ್ಡರಿನ ಗರ್ಜನೆ ಬಂದದ್ದಕ್ಕೆ ಬಾಗಿಲಿಗೆ ಬಂದು ನಿಂತೆ. ಹಾಡನ್ನು ಅರ್ಧ ನಿಮಿಷ ಕೇಳಿಸಿ ನಿಲ್ಲಿಸಿದರು. ಮಕ್ಕಳು ನಗುತ್ತಿದ್ದರು, ಕೆಲವರು ಕಿವಿ ಮುಚ್ಚಿಕೊಂಡಿದ್ದರು.

"ಇದು ಎಲ್ಲಿ ಹುಟ್ಟೇತಿ ಹೇಳ್ರಿ?" ಅಂದರು.

ಯಾರೋ ಹಿಂದಿನಿಂದ, "ಸ್ಮಶಾನದಾಗ್ರಿ ಟೀಚರ್" ಅಂದರು. ಇನ್ನಷ್ಟು ನಗು.

"ಹತ್ತಿ ಹೊಲದಾಗ" ಎಂದರು ಅವರು. ನಗು ನಿಂತಿತು. ಐಜ, ಗದ್ವಾಲ್ ಕಡೆಯ ಹತ್ತಿಗೆ ಕೂಲಿ ಹೋಗಿ ಬಂದ ಮಕ್ಕಳು ಆ ಕ್ಲಾಸಿನಲ್ಲಿದ್ದವು.

ಅಮೆರಿಕದ ಹತ್ತಿ ಹೊಲದಲ್ಲಿ ದುಡಿಯಲು ಕರಿಯ ಜನರನ್ನು ಹಿಡಿದು ತಂದದ್ದು, ಅವರ ಮೊಮ್ಮಕ್ಕಳು ಗಿಟಾರು ಹಿಡಿದು ದುಃಖದ ಹಾಡು ಕಟ್ಟಿದ್ದು, ಆ ಹಾಡು ರೆಕಾರ್ಡಾಗಿ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದದ್ದು, ಎಲ್ಲವನ್ನೂ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದರು. ಅಲ್ಲಿ ಕಬ್ಬಿಣದ ಊರುಗಳಿದ್ದವು. ಅಪ್ಪ ದುಡಿದ ಕಾರ್ಖಾನೆಗೇ ಮಗನೂ ಹೋಗಬೇಕು, ಹೊಗೆ ಕುಡಿಯಬೇಕು. ಅದೇ ಕಾಲಕ್ಕೆ ಬೇರೆ ಕಡೆ ಹುಡುಗರು ತಲೆಗೆ ಹೂ ಮುಡಿದು ಪ್ರೀತಿಯ ಹಾಡು ಹಾಡುತ್ತಿದ್ದರು. ಕಬ್ಬಿಣದ ಊರಿನ ಹುಡುಗರು ಅದನ್ನು ಕೇಳಿ, ನಮ್ಮೂರಲ್ಲಿ ಹೂವೆಲ್ಲಿವೆ ಅಂದರಂತೆ. ಆ ಹತ್ತಿ ಹೊಲದ ದುಃಖವನ್ನೇ ಎತ್ತಿಕೊಂಡು, ನಿಧಾನ ಮಾಡಿ, ಭಾರ ಮಾಡಿ, ಸದ್ದಿನ ತಿರುಪನ್ನು ಅದು ಹೋಗುವಷ್ಟೂ ತಿರುವಿದರು. ಸ್ಪೀಕರು ತಡೆಯಲಾರದೆ ಒಡಕು ದನಿ ಮಾಡಿತು. ಆ ಒಡಕು ದನಿಯೇ ಚೆನ್ನಾಗಿದೆ ಎಂದು ಹಾಗೇ ಇಟ್ಟುಕೊಂಡರು.

ಒಬ್ಬಳು ಹುಡುಗಿ ಎದ್ದು ನಿಂತಳು. "ಟೀಚರ್, ದುಃಖದ ಹಾಡು ಅಂದ್ರ ಮೆಲ್ಲಕ ಹಾಡಬೇಕಲ್ರಿ? ಇವ್ರು ಯಾಕ ಒದರತಾರ್ರಿ?"

"ಕಾರ್ಖಾನಿ ಸದ್ದಿನಾಗ ಮೆಲ್ಲಕ ಅತ್ರ ಯಾರಿಗೆ ಕೇಳಸ್ತೈತಿ?"

ಆಗಿನ ಹೆಡ್‌ಮಾಸ್ತರರು ಸ್ಟಾಫ್ ರೂಮಿಗೆ ಬಂದು, "ಇದು ಸಿಲಬಸ್‌ನಾಗ ಐತೇನ್ರಿ ಮೇಡಂ?" ಎಂದರು. "ಪಾಠ ಐತ್ರಿ ಸರ್. ಹಾಡಿಲ್ಲ" ಎಂದು ಇವರು ಹಾಜರಿ ಪುಸ್ತಕ ತೆಗೆದುಕೊಂಡು ಹೊರಟರು. ಯಾಕೆ ಒದರುತ್ತಾರೆಂದು ಕೇಳಿದ ಆ ಹುಡುಗಿ ಈಗ ಮೆಹಬೂಬ್‌ನಗರದಲ್ಲಿ ನರ್ಸು. ಕೆಲವು ವರ್ಷದ ಹಿಂದೆ ಅವರಿಗೆ ಫೋನು ಮಾಡಿ, ಟೀಚರ್, ಆ ದಿನ ಕೇಳಿಸಿದ ಹಾಡು ಯಾವುದು, ಡ್ಯೂಟಿ ಮುಗಿಸಿ ಬಂದಾಗ ಒಮ್ಮೊಮ್ಮೆ ಅದು ನೆನಪಾಗುತ್ತದೆ ಎಂದಳಂತೆ. ಅವರು ನನಗೆ ಅದನ್ನು ಹೇಳುವಾಗ ಮುಖ ನೋಡಬೇಕಿತ್ತು.

ಅಕ್ಕನ ಗಂಡ ಗದ್ವಾಲಿನವರು. ಹತ್ತಿ ಬೀಜದ ಕಂಪನಿಯೊಂದರಲ್ಲಿ ಹೊಲ ನೋಡುವ ಕೆಲಸ. ಐಜ, ಮಲ್ದಕಲ್ ಎಂದು ಬೈಕಿನಲ್ಲೋ ಬಸ್ಸಿನಲ್ಲೋ ತಿರುಗುತ್ತಿದ್ದರು. ವಾರವಿಡೀ ಗದ್ವಾಲಿನ ತಾಯಿಯ ಮನೆಯಲ್ಲಿದ್ದು ಭಾನುವಾರ ನಾರಾಯಣಪೇಟೆಗೆ ಬರುತ್ತಿದ್ದರು. ನಗುಮುಖದ ಮನುಷ್ಯ. ಹೆಂಡತಿಯ ಹಾಡಿಗೆ "ನಮ್ಮ ಮನಿ ರೈಸ್ ಮಿಲ್ಲು" ಎಂದು ಹೆಸರಿಟ್ಟಿದ್ದರು. ಮಗಳು ನಾಲ್ಕನೆ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಐಜದ ಬಸ್ ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂತವರು ಕೂತಲ್ಲೇ ಹೋಗಿಬಿಟ್ಟರು. ಹಾರ್ಟ್ ಅಟ್ಯಾಕ್.

ಹನ್ನೊಂದನೆ ದಿನ ನಾನು ಗದ್ವಾಲಿಗೆ ಹೋದೆ. ಕೋಟೆಯ ಹಿಂದಿನ ಓಣಿಯಲ್ಲಿ ಅತ್ತೆಯ ಮನೆ. ಪಡಸಾಲೆಯಲ್ಲಿ ಅತ್ತೆಯ ಮಗ್ಗ, ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿ ನಿಲ್ಲಿಸಿದ್ದರು. ನಾನು ಒಳಗೆ ಕಾಲಿಡುವಾಗಲೇ ಜಗಳದ ದನಿ. ನಾದಿನಿ, ಅಂದರೆ ತೀರಿಹೋದವರ ತಂಗಿ, ತಟ್ಟೆ ತರಲು ನೂಲಿನ ಕೋಣೆಗೆ ಹೋದಾಗ ಈ ಅಕ್ಕ ಮೂಲೆಯಲ್ಲಿ ಕಿವಿಗೆ ವೈರು ಹಾಕಿಕೊಂಡು ಕೂತಿದ್ದರು. ಗಂಡ ಸತ್ತ ಮನೆಯಲ್ಲಿ ಸಿನಿಮಾ ಹಾಡೆಂದು ಅವಳು ಸಿಟ್ಟಿನಿಂದ ಕಿತ್ತುಕೊಂಡು ತನ್ನ ಕಿವಿಗೆ ಹಿಡಿದಿದ್ದಾಳೆ. ಕೇಳಿದ ಮೇಲೆ ಸಿಟ್ಟು ಹೋಗಿ ಹೆದರಿಕೆಯಾಗಿದೆ.

ಅಕ್ಕನನ್ನು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂರಿಸಿದ್ದರು. ಮಗಳು ಕಂಬ ಹಿಡಿದು ನಿಂತಿದ್ದಳು. ಗಂಡನ ಅಣ್ಣ ಮೆತ್ತಗೇ ಮಾತಾಡಿದರು.

"ನೋಡವ್ವ, ನಿನ್ನ ಯಾರೂ ಬೈಯಾಕತ್ತಿಲ್ಲ. ಮನಸಿಗೆ ಪೆಟ್ಟು ಬಿದ್ದೈತಿ. ಕೂಸು ಇಲ್ಲೇ ನಮ್ಮ ಕಡಿ ಇರಲಿ, ಇಲ್ಲೇ ಸಾಲಿಗೆ ಹಾಕೋಣ. ನಿನ್ನ ತಲಿ ಸರಿ ಆದ ಮ್ಯಾಲ ನೋಡೋಣಂತ."

"ನನ್ನ ತಲಿ ಸರಿ ಐತ್ರಿ ಭಾವಾ."

"ಸರಿ ಇದ್ದೋರು ಇಂಥಾದ್ದು ಕೇಳತಾರೇನು?" ನಾದಿನಿ ಮಧ್ಯೆ ಬಂದಳು. "ನಮ್ಮಣ್ಣನ ಸಲುವಾಗಿ ಒಂದು ಹನಿ ಕಣ್ಣೀರು ಹಾಕಿಲ್ಲ ಈಕಿ. ಬಂದೋರೆಲ್ಲಾ ನೋಡ್ಯಾರ. ಒಂದು ಹನಿ!"

ಅದು ಸುಳ್ಳಲ್ಲ. ನಮ್ಮ ಕಡೆ ಸಾವಿನ ಮನೆಗೆ ಬಂದ ಪ್ರತಿಯೊಬ್ಬ ಹೆಂಗಸಿನ ಕೊರಳಿಗೆ ಬಿದ್ದು ಗಟ್ಟಿಯಾಗಿ ಅಳಬೇಕು, ಸತ್ತವರ ಗುಣ ಎತ್ತಿ ಎತ್ತಿ ಹೇಳಬೇಕು. ಅಕ್ಕ ಬಂದವರ ಮುಂದೆ ಸುಮ್ಮನೆ ನಿಲ್ಲುತ್ತಿದ್ದರಂತೆ. ನನ್ನನ್ನು ಕಂಡಾಗಲೂ ಕಣ್ಣು ಒಣಗಿಯೇ ಇತ್ತು. ಮಗಳನ್ನು ಬಿಟ್ಟು ಹೋಗಬೇಕಾದ ಮಾತು ಬಂದಾಗ ಮಾತ್ರ ಕಂಬದ ಕಡೆ ತಿರುಗಿ ಮಗಳನ್ನು ನೋಡಿದರು.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ರಾಯಚೂರಿನ ಕಡೆಯಿಂದ ಬಂದು ಗದ್ವಾಲಿನಲ್ಲಿ ಜೀವಮಾನವಿಡೀ ಸೀರೆ ನೇಯ್ದ ಮುದುಕಿ. ಕೈ ಚಾಚಿದರು.

"ತಾ ಇಲ್ಲಿ ಅದನ್ನ."

ಹಿರಿಯ ಮಗ ಬೇಡವೆಂದರು. ಅತ್ತೆ ಕೈ ಹಾಗೇ ಚಾಚಿದ್ದರು. ನಾದಿನಿ ವಾಕ್‌ಮನ್ ತಂದುಕೊಟ್ಟಳು. ಅಕ್ಕ ಮುಂದೆ ಸರಿದು ಅತ್ತೆಯ ಎರಡೂ ಕಿವಿಗೆ ಹಾಕಿ ಗುಂಡಿ ಒತ್ತಿದರು. ಮುದುಕಿ ಒಮ್ಮೆ ಬೆಚ್ಚಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಹಾಡು ಪೂರ್ತಿ ಮುಗಿಯುವ ತನಕ ನಾವೆಲ್ಲ ಅವರ ಮುಖ ನೋಡುತ್ತ ಕೂತೆವು. ವೈರಿನಿಂದ ಸೋರುವ ಕಿರುದನಿಯೊಂದು ಬಿಟ್ಟರೆ ಮನೆಯಲ್ಲಿ ಸದ್ದಿರಲಿಲ್ಲ.

"ಯಾರವ್ವ ಇಂವ?" ಎಂದರು ಕೊನೆಗೆ. "ಯಾರು ಸತ್ತಾರ ಇವಂದು?"

"ಗೊತ್ತಿಲ್ರಿ ಅತ್ತಿ."

"ಏನಂತಾನ?"

"ನನಗೂ ಎಲ್ಲಾ ತಿಳಿಯಂಗಿಲ್ರಿ. ನನಗ ಒದರಾಕ ಬರವಲ್ದು. ನನ್ನ ಬದ್ಲಿ ಇಂವ ಒದರತಾನ."

ಅತ್ತೆ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು, ನೂಲು ಸುತ್ತಿದ ಹಾಗೆ. "ಬಂದೋರ ಕೊರಳಿಗೆಲ್ಲಾ ಬಿದ್ದು ಅತ್ತೀನಿ ನಾ. ಅವರು ಅತ್ರು, ನಾನೂ ಅತ್ತೆ. ಅದು ಬಂದೋರ ಸಲುವಾಗಿ ಆತು. ನನ್ನದು ಇನ್ನಾ ಇಲ್ಲೇ ಐತಿ" ಎಂದು ಎದೆ ಮುಟ್ಟಿಕೊಂಡರು. ಆಮೇಲೆ ಹಿರಿಯ ಮಗನ ಕಡೆ ತಿರುಗಿ, "ಕೂಸು ತಾಯಿ ಕೂಡ ಇರತೈತಿ. ಈ ಮಾತು ಇನ್ನೊಮ್ಮಿ ಎತ್ತಬ್ಯಾಡ" ಅಂದರು. ಸೊಸೆಗೆ ವಾಕ್‌ಮನ್ ಕೊಡುತ್ತ ಮುದುಕಿ ಇಷ್ಟು ಹೇಳಿದರು: "ಕೋಣ್ಯಾಗ ಕದ್ದು ಕೇಳಬ್ಯಾಡ. ಇಲ್ಲೇ ಕೂತು ಕೇಳು."

ಅತ್ತೆಯ ಈ ಒಂದು ಮಾತನ್ನು ಅಕ್ಕ ಪಾಲಿಸಲಿಲ್ಲ. ನಾರಾಯಣಪೇಟೆಯಲ್ಲಿ ಬಾಡಿಗೆ ಮನೆ, ಎರಡೂ ಕಡೆ ಗೋಡೆಗೆ ಗೋಡೆ. ಶಾಲೆಯಿಂದ ಬಂದವರೇ ಕೋಣೆಯ ಬಾಗಿಲು ಹಾಕಿಕೊಂಡು ಒಂದೆರಡು ಹಾಡು ಕೇಳಿ, ಮುಖ ತೊಳೆದು, ಆಮೇಲೆ ಮಗಳಿಗೆ ಚಹಾ ಮಾಡುತ್ತಿದ್ದರು. ಮಗಳಿಗೆ ಆ ಹಾಡು ಕಂಡರಾಗದು. ಅವಳದು ತೆಲುಗು ಸಿನಿಮಾದ ಮೆಲೊಡಿ, ತಾಯಿಯದಕ್ಕೆ ಅವಳಿಟ್ಟ ಹೆಸರು "ಅಮ್ಮನ ರಾಕ್ಷಸರು".

ನನಗೂ ಅದು ಕೊನೆಯವರೆಗೆ ಪೂರ್ತಿ ಒಗ್ಗಲಿಲ್ಲ. ಆದರೆ ಬಸ್ಸಿನಲ್ಲಿ ಒಂದು ಕಿವಿಯಿಂದ ವರ್ಷಗಟ್ಟಲೆ ಕೇಳಿ ಕೇಳಿ, ಗದ್ದಲದೊಳಗೆ ಒಂದು ರಾಗ ಇರುತ್ತದೆ, ಅದು ಬಹಳ ಸಲ ಮರುಕದ್ದಿರುತ್ತದೆ ಎಂಬುದು ತಿಳಿಯಿತು. ಅರ್ಧ ಶತಮಾನದ ಹಿಂದಿನ ಹಾಡನ್ನು ಈಗಿನ ಹುಡುಗರು ಯಾಕೆ ಕೇಳುತ್ತಾರೆ ಎಂದು ಒಮ್ಮೆ ಕೇಳಿದ್ದಕ್ಕೆ ಅಕ್ಕ ಹೇಳಿದರು: "ಬಾಕಿ ಹಾಡೆಲ್ಲಾ ನಮಗ ಏನರ ಹೇಳತಾವ. ನಗು ಅಂತಾವ, ಪ್ರೀತಿ ಮಾಡು ಅಂತಾವ. ಇದು ಏನೂ ಹೇಳಂಗಿಲ್ಲ. ನೀ ಹೆಂಗದಿ ಹಂಗ ಬಾ ಅಂತೈತಿ." ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಮಗಳು ಹೈದರಾಬಾದಿನಲ್ಲಿ ಫಾರ್ಮಸಿ ಓದಿ ಅಲ್ಲೇ ಕೆಲಸಕ್ಕೆ ಸೇರಿದ ವರ್ಷ ಒಂದು ದಿನ ಫೋನು ಮಾಡಿದಳು. "ಅಮ್ಮಾ, ನಿನ್ನ ರಾಕ್ಷಸರು ಇಲ್ಲಿ ಬರಾಕತ್ತಾರ. ಟಿಕೆಟ್ ತಗೊಂಡೀನಿ. ಕನ್ನಡ ಟೀಚರಮ್ಮನ್ನೂ ಕರ್ಕೊಂಡು ಬಾ." ಅಕ್ಕ ಅಲ್ಲಿವರೆಗೆ ಒಂದು ಸಂಗೀತ ಕಛೇರಿಯನ್ನೂ ಕಣ್ಣಾರೆ ನೋಡಿರಲಿಲ್ಲ. ಇಬ್ಬರೂ ರಜೆ ಹಾಕಿ ಹೋದೆವು.

ಊರಾಚೆಯ ಮೈದಾನ, ಇಳಿಹೊತ್ತು. ಸುತ್ತ ಕರಿ ಅಂಗಿಯ, ಉದ್ದ ಕೂದಲಿನ ಹುಡುಗ ಹುಡುಗಿಯರು. ನಡುವೆ ಜರಿ ಅಂಚಿನ ಸೀರೆಯುಟ್ಟ ನಾವಿಬ್ಬರು, ಕೈಚೀಲ ಎದೆಗೊತ್ತಿಕೊಂಡು. ಮೈಮೇಲೆಲ್ಲ ಹಚ್ಚೆ ಹಾಕಿಸಿಕೊಂಡಿದ್ದ ಒಬ್ಬ ಹುಡುಗ ಹತ್ತಿರ ಬಂದಾಗ ನಾನು ಹೆದರಿದೆ. "ಆಂಟೀ, ಇಧರ್ ಆಜಾವ್. ಉಧರ್ ಧಕ್ಕೆ ಲಗ್ತೇ" ಎಂದು, ತಳ್ಳಾಟ ತಾಗದ ಹಾಗೆ ನಮ್ಮನ್ನು ಬದಿಗೆ ಕರೆದೊಯ್ದ. ಅವನೂ ಅವನ ಗೆಳೆಯರೂ ನಮ್ಮ ಮುಂದೆ ಗೋಡೆಯ ಹಾಗೆ ನಿಂತರು. ಹಾಡು ಶುರುವಾದಾಗ ಸದ್ದು ಕಿವಿಗೆ ಬರಲಿಲ್ಲ, ನೆಲದಿಂದ ಕಾಲಿಗೆ ಬಂತು. ವೇದಿಕೆಯ ಮುಂದೆ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯತೊಡಗಿದರು. ಇದೇನು ಹೊಡೆದಾಟವೋ ಎನ್ನುವಷ್ಟರಲ್ಲಿ ಒಬ್ಬ ಬಿದ್ದ. ತಟ್ಟನೆ ಸುತ್ತಲಿನವರೆಲ್ಲ ನಿಂತು, ಕೈ ಅಡ್ಡ ಹಿಡಿದು, ಅವನನ್ನು ಎತ್ತಿ, ನೆಲದಲ್ಲಿ ಅವನ ಕನ್ನಡಕ ಹುಡುಕಿ ಕೊಟ್ಟು ಮತ್ತೆ ಕುಣಿದರು.

"ನಮ್ಮ ಮೊಹರಮ್ಮಿನ ಅಲಾಯಿ ಕುಣಿತ ಇದ್ದಂಗ ಐತಲ್ಲ ತಂಗೀ" ಎಂದು ಅಕ್ಕ ನನ್ನ ಕಿವಿಯಲ್ಲಿ ಕೂಗಿದರು. ಆಮೇಲೆ ಅವರು ನನ್ನ ಕಡೆ ತಿರುಗಲಿಲ್ಲ. ತುಟಿಗಳು ಪ್ರತಿ ಸಾಲನ್ನೂ ಹೇಳುತ್ತಿದ್ದವು. ಮಗಳು ಕಿವಿಗೆ ಹತ್ತಿ ತುರುಕಿಕೊಂಡು ಹಾಡುವವರನ್ನು ನೋಡದೆ ತಾಯಿಯನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಮೂವರೂ ಗದ್ವಾಲಿನ ರೈಲು ಹತ್ತಿದೆವು. ಅಜ್ಜಿಯನ್ನು ನೋಡಿ ಬರಬೇಕೆಂದು ಮಗಳ ಹಟ. ಮೆಹಬೂಬ್‌ನಗರ ದಾಟಿದ ಮೇಲೆ ಬೋಗಿ ಖಾಲಿಯಾಯಿತು. ಕಿಟಕಿಯ ಹೊರಗೆ ಕೆಂಪು ಹೊಲ, ಬಂಡೆ. ಮಗಳು ಇದ್ದಕ್ಕಿದ್ದಂತೆ ಕೇಳಿದಳು.

"ಅಮ್ಮಾ, ಒಂದು ಮಾತು ಕೇಳ್ಲೇನು? ಸಣ್ಣಾಕಿ ಇದ್ದಾಗ ನೀ ಬಾಗ್ಲ ಹಾಕ್ಕೊಂಡು ಅದನ್ನ ಕೇಳತಿದ್ದಿ. ಯಾರ ಮ್ಯಾಲ ಅಷ್ಟು ಸಿಟ್ಟಿತ್ತು ನಿನಗ?"

ನಾನು ಎದ್ದು ಹೋಗಬೇಕೆಂದುಕೊಂಡೆ. ಅಕ್ಕ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಕೂರಿಸಿದರು.

"ನಾ ಏನೋ ತಪ್ಪು ಮಾಡೀನಿ ಅಂದ್ಕೊಂಡಿದ್ದೆ" ಎಂದಳು ಮಗಳು. "ನಾ ಇದ್ದದ್ದಕ್ಕ ನಿನಗ ಕಷ್ಟ ಆಗೈತಿ, ಅದಕ್ಕ ನನ್ನ ಮ್ಯಾಲ ಸಿಟ್ಟು ಅಂತ."

ಅಕ್ಕ ಎದ್ದು ಮಗಳ ಪಕ್ಕಕ್ಕೆ ಹೋಗಿ ಕೂತು ಅವಳ ಕೈ ಹಿಡಿದುಕೊಂಡರು.

"ನಿಮ್ಮಪ್ಪನ ಮ್ಯಾಲ ಕೂಸ. ಎಷ್ಟೋ ದಿನದಿಂದ ಎದಿ ನೋವು ಅಂತಿದ್ರು. ಕರ್ನೂಲಿಗೆ ಹೋಗಿ ತೋರಿಸ್ರಿ ಅಂತ ಫೋನಿನಾಗ ಬೇಡ್ಕೊಂಡೆ. ನಕ್ಕರು. ಬೀಜದ ಸುಗ್ಗಿ ಮುಗೀಲಿ ಅಂದ್ರು. ಹಂಗ ನಕ್ಕೋತ ಹೋಗಿಬಿಟ್ರು ನಮ್ಮಿಬ್ಬರನ್ನ ಬಿಟ್ಟು. ಸತ್ತೋರ ಮ್ಯಾಲ ಸಿಟ್ಟು ಮಾಡಬಾರದಂತ. ಫೋಟೋಕ್ಕ ಹೂ ಹಾಕಬೇಕು, ಕೈ ಮುಗೀಬೇಕು. ಆ ಸಿಟ್ಟು ತಗೊಂಡು ಎಲ್ಲಿ ಹೋಗಬೇಕಿತ್ತು ನಾ? ಅಲ್ಲಿ ಹೋಗತಿದ್ದೆ."

ಮಗಳು ಅಳತೊಡಗಿದಳು. ಅಕ್ಕ ಅವಳ ಬೆನ್ನು ಸವರುತ್ತಿದ್ದರು. ಇಷ್ಟು ವರ್ಷ ಜೊತೆಗೆ ಬಸ್ಸು ಹತ್ತಿಳಿದ ನನಗೂ ಈ ಮಾತು ಹೊಸದು. ಹೊರಗೆ ನೋಡುತ್ತ ಕೂತೆ.

"ಈಗಲೂ ಐತೇನು?" ಕಣ್ಣು ಒರೆಸಿಕೊಂಡು ಮಗಳು ಕೇಳಿದಳು.

ಅಷ್ಟರಲ್ಲಿ ರೈಲು ಕೃಷ್ಣೆಯ ಸೇತುವೆಗೆ ಬಂದಿತ್ತು. ಕಂಬಿಗಳ ಸದ್ದಿನಲ್ಲಿ ಮಾತು ಕೇಳುವ ಹಾಗಿರಲಿಲ್ಲ. ಮಗಳು ಕಾದಳು. ಕೆಳಗೆ ನೀರು ಬಹಳ ಇರಲಿಲ್ಲ, ಮರಳಿನ ನಡುವೆ ಅಲ್ಲಲ್ಲಿ ಹೊಳೆಯುತ್ತಿತ್ತು. ಸೇತುವೆ ದಾಟಿ ಸದ್ದು ತಗ್ಗಿದ ಮೇಲೆ ಅಕ್ಕ ಹೇಳಿದರು.

"ಇಲ್ಲವ್ವ. ಹೋಗೇತಿ. ಯಾವಾಗ ಹೋತೋ ಗೊತ್ತಾಗಲಿಲ್ಲ."

"ಮತ್ತ ನಿನ್ನೆ ಅಷ್ಟು ದೂರ ಯಾಕ ಬಂದಿ?"

ಅವರಿಗೆ ಆ ಪ್ರಶ್ನೆ ಅನಿರೀಕ್ಷಿತವಾಗಿದ್ದಿರಬೇಕು. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ಸಣ್ಣ ಹುಡುಗಿಯ ಹಾಗೆ ನಾಚಿ ನಕ್ಕರು.

"ಹಾಡು ಚಲೋ ಅದಾವಲ್ಲ!"